ಎಡಕ್ಕೆ ಐದು, ಬಲಕ್ಕೆ ಮೂರು

ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ವರ್ಷಗಟ್ಟಲೆ ಫಾರ್ಮಲಿನ್‌ನಲ್ಲಿ ಕೈಯಾಡಿಸಿ ಚರ್ಮ ಸುಲಿದು, ಮತ್ತೆ ಬಂದು, ಮತ್ತೆ ಸುಲಿದು, ಕೊನೆಗೆ ಹಳೆಯ ಒರಳುಗುಂಡಿನ ಹಾಗೆ ನುಣ್ಣಗಾಗಿಬಿಟ್ಟಿದ್ದವು. ಎಷ್ಟು ಸೋಪು ಹಚ್ಚಿದರೂ ವಾಸನೆ ಹೋಗುತ್ತಿರಲಿಲ್ಲ. ಅದಕ್ಕೇ ಪ್ರಾಕ್ಟಿಕಲ್ ಇರುವ ದಿನ ಅವರು ಮಧ್ಯಾಹ್ನದ ಊಟವನ್ನು ಚಮಚದಲ್ಲಿ ಮಾಡುತ್ತಿದ್ದರು. ಅನ್ನವಾದರೆ ಸರಿ, ಅವರ ಡಬ್ಬಿಯಲ್ಲಿ ಮುದ್ದೆ ಬರುತ್ತಿತ್ತು. ರಾಗಿ ಮುದ್ದೆಯನ್ನು ಚಮಚದಲ್ಲಿ ಮುರಿದು, ಸಾರಿನಲ್ಲಿ ಅದ್ದಿ, ಗಂಭೀರವಾಗಿ ನುಂಗುವ ಮನುಷ್ಯನನ್ನು ನಾನು ಜೀವಮಾನದಲ್ಲಿ ಕಂಡದ್ದು ಅವರೊಬ್ಬರನ್ನೇ.

ತಿಪಟೂರಿನ ನಮ್ಮ ಕಾಲೇಜಿನಲ್ಲಿ ಉಳಿದವರೆಲ್ಲ ಲೆಕ್ಚರರುಗಳು, ಇವರು ಮಾತ್ರ ಮೇಷ್ಟ್ರು. ಹಾಗೆ ಕರೆಸಿಕೊಳ್ಳುವುದರಲ್ಲಿ ಅವರಿಗೂ ಬೇಸರವಿರಲಿಲ್ಲ. ತುರುವೇಕೆರೆ ಕಡೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಹಳ್ಳಿಯಲ್ಲಿ ತೆಂಗಿನ ತೋಟ, ಎರಡು ಎಮ್ಮೆ, ಮನೆ ತುಂಬ ಅಟ್ಟ, ಅಟ್ಟದ ತುಂಬ ಕಾಯಿ. ಬೇಕಾದರೆ ಊರಿನ ಎಲ್ಲ ತೋಟದವರ ಹಾಗೆ ನೆಮ್ಮದಿಯಾಗಿ ಕೊಬ್ಬರಿ ಮಂಡಿಯ ಮಾತಾಡಿಕೊಂಡು ಇರಬಹುದಿತ್ತು. ಆದರೆ ಅವರ ತಲೆಯಲ್ಲಿ ಇದ್ದದ್ದು ಸಮುದ್ರ. ಚಿಕ್ಕ ವಯಸ್ಸಿನಲ್ಲಿ ಕಡಲ ಜೀವಿಗಳ ಮೇಲೆ ಸಂಶೋಧನೆ ಮಾಡುತ್ತೇನೆಂದು ಕರಾವಳಿಗೆ ಹೋದವರು ಎರಡನೇ ವರ್ಷಕ್ಕೆ ತಂದೆ ತೀರಿಕೊಂಡರೆಂದು ವಾಪಸು ಬಂದರಂತೆ. ತೋಟ ನೋಡಬೇಕಿತ್ತು, ಇಬ್ಬರು ತಂಗಿಯರ ಮದುವೆ ಆಗಬೇಕಿತ್ತು. ಮತ್ತೆ ಹೋಗಲಾಗಲಿಲ್ಲ. ಹೆಸರಿನ ಹಿಂದೆ ಡಾಕ್ಟರ್ ಅಂತ ಹಾಕಿಕೊಳ್ಳುವುದು ತಪ್ಪಿತು. ಸಮುದ್ರದ ಗಾಳಿಯೂ ಸೋಕದ ನಮ್ಮೂರಿನಲ್ಲಿ ಕೂತು ಅವರು ವರ್ಷಕ್ಕೊಂದು ಸಲ ವಿದ್ಯಾರ್ಥಿಗಳ ಪ್ರವಾಸದ ನೆವದಲ್ಲಿ ಕಡಲಿಗೆ ಹೋಗಿ ಬರುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಅವರ ಬೆನ್ನ ಹಿಂದೆ "ಹುಳದ ಮೇಷ್ಟ್ರು" ಅನ್ನುತ್ತಿದ್ದರು. ಕೆಲವರು ಎದುರಿಗೇ ಅನ್ನುತ್ತಿದ್ದರು.

ಅವರ ಪಾಠಕ್ಕೆ ಒಂದು ಕಟ್ಟುಪಾಡಿತ್ತು. ಯಾವ ಪ್ರಾಣಿಯ ಹೆಸರನ್ನೂ ಮೊದಲು ಹೇಳುವಂತಿಲ್ಲ. ತಟ್ಟೆಯಲ್ಲಿ ಇಟ್ಟದ್ದನ್ನು ನೋಡಬೇಕು, ಪೆನ್ಸಿಲಿನಲ್ಲಿ ಬರೆಯಬೇಕು, ಕಾಲು ಎಣಿಸಬೇಕು, ಗೀರು ಎಣಿಸಬೇಕು. ಆಮೇಲೆ ಹೆಸರು. "ಇರೋದು ಬರಿ ಕಣಮ್ಮ. ಇರಬೇಕಾದ್ದು ಬರೀಬೇಡ" ಅನ್ನುವುದು ಅವರ ಮಾತು. ನಾವು ಈ ಮಾತನ್ನು ಎಷ್ಟು ಸಲ ಕೇಳಿದ್ದೆವೆಂದರೆ ಅದು ಕಿವಿಯ ಒಳಗೆ ಹೋಗುವುದನ್ನೇ ಬಿಟ್ಟಿತ್ತು.

ಹುಡುಗರು ರೆಕಾರ್ಡ್ ಪುಸ್ತಕಕ್ಕೆ ಸೀನಿಯರುಗಳ ಚಿತ್ರವನ್ನು ಕಿಟಕಿ ಗಾಜಿನ ಮೇಲೆ ಇಟ್ಟು ಅಚ್ಚು ತೆಗೆಯುತ್ತಿದ್ದರು. ಒಂದು ಸಲ ಯಾವನೋ ಸೀನಿಯರ್ ಜಿರಲೆಗೆ ಒಂದು ಕಾಲು ಬಿಟ್ಟು ಬರೆದಿದ್ದ. ನಮ್ಮ ತರಗತಿಯ ಒಂಬತ್ತು ಪುಸ್ತಕಗಳಲ್ಲಿ ಒಂಬತ್ತು ಕುಂಟ ಜಿರಲೆಗಳು ಬಂದವು. ಮೇಷ್ಟ್ರು ಅವನ್ನೆಲ್ಲ ಸಾಲಾಗಿ ಮೇಜಿನ ಮೇಲೆ ಬಿಡಿಸಿಟ್ಟು, ಕಿಬ್ಬನಹಳ್ಳಿ ಕ್ರಾಸ್ ಕಡೆಯಿಂದ ಬರುವ ಹುಡುಗನೊಬ್ಬನನ್ನು ಕರೆದು, "ಇವೆಲ್ಲ ನಿಮ್ಮ ಕಡೆ ಜಿರಲೇನೇನಪ್ಪ? ಕ್ರಾಸ್‌ನಲ್ಲಿ ರಸ್ತೆ ದಾಟ್ವಾಗ ಒಂದೇ ಬಸ್ಸಿಗೆ ಎಲ್ಲಾವೂ ಸಿಕ್ಕಂಡ್ವಾ?" ಎಂದು ಕೇಳಿದರು. ಬೈಯಲಿಲ್ಲ. ಒಂಬತ್ತು ಜನರೂ ಜೀವಂತ ಜಿರಲೆ ಹಿಡಿದು ತರಬೇಕಾಯಿತು, ಅಷ್ಟೆ.

ನಾನು ಆ ಒಂಬತ್ತರಲ್ಲಿ ಇರಲಿಲ್ಲ. ನನ್ನ ಕೈ ಚೆನ್ನಾಗಿತ್ತು, ಆ ಬಗ್ಗೆ ಜಂಬವೂ ಚೆನ್ನಾಗಿಯೇ ಇತ್ತು. ಆ ಕೈ ಬಂದದ್ದು ನಮ್ಮಮ್ಮನಿಂದ. ಅವಳ ರಂಗೋಲಿ ನೋಡಲು ಪಕ್ಕದ ಬೀದಿಯವರು ಬರುತ್ತಿದ್ದರು. ಏಳು ವರ್ಷಕ್ಕೇ ನನ್ನ ಕೈಗೆ ಪುಡಿ ಕೊಟ್ಟು ಚುಕ್ಕಿ ಇಡಲು ಕಲಿಸಿದಳು. ಒಂದು ಚುಕ್ಕಿ ಸಾಲು ತಪ್ಪಿದರೂ ಸಾಕು, ಅವಳು ಒಂದು ತಂಬಿಗೆ ನೀರು ತಂದು ಇಡೀ ರಂಗೋಲಿಯ ಮೇಲೆ ಹುಯ್ಯುತ್ತಿದ್ದಳು. ಮತ್ತೆ ಮೊದಲಿಂದ. ಅಳುತ್ತಾ ಇಟ್ಟ ಚುಕ್ಕಿಗಳು ಬೆರಳಿಗೆ ಹಿಡಿದುಬಿಡುತ್ತವೆ. ಎಡಕ್ಕೆ ಐದು ಇದ್ದರೆ ಬಲಕ್ಕೆ ಐದು ಇರಲೇಬೇಕು ಅನ್ನುವುದು ನನಗೆ ಮಗ್ಗಿಗಿಂತ ಮುಂಚೆ ಬಂದದ್ದು.

ತೊಂಬತ್ತರ ದಶಕದ ನಡುವೆ ನಾನು ಎರಡನೇ ಬಿ.ಎಸ್‌ಸಿ.ಯಲ್ಲಿದ್ದಾಗ ನಮ್ಮ ತರಗತಿಯ ಪ್ರವಾಸದ ಸರದಿ ಬಂತು. ಡಿಸೆಂಬರಿನಲ್ಲಿ ಒಂದು ಬಸ್ಸು ಮಾಡಿಕೊಂಡು ಕಾರವಾರದ ಕಡೆಗೆ ಹೊರಟೆವು. ಸಮುದ್ರವನ್ನು ನಮ್ಮಲ್ಲಿ ಮುಕ್ಕಾಲು ಪಾಲು ಜನ ಕಂಡದ್ದು ಅದೇ ಮೊದಲು. ಕೆರೆ ತುಂಬಿದರೆ ಕೋಡಿ ಬೀಳುತ್ತೆ, ಇದು ಎಲ್ಲಿ ಕೋಡಿ ಬೀಳುತ್ತೆ ಎಂದು ನನ್ನ ಗೆಳತಿ ಕೇಳಿದಳು. ಅವಳು ಮಳೆಯೇ ಕಾಣದ ಹುಳಿಯಾರಿನವಳು. ಅಷ್ಟು ನೀರು ನೋಡಿ ಅವಳಿಗೆ ಸಂತೋಷಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು.

ನೀರು ಇಳಿಯುವ ಹೊತ್ತು ನೋಡಿಕೊಂಡು ಮೇಷ್ಟ್ರು ನಮ್ಮನ್ನು ಬೆಳಿಗ್ಗೆ ಬಂಡೆಗಳ ತೀರಕ್ಕೆ ಕರೆದೊಯ್ದರು. ಕಡಲು ಹಿಂದೆ ಸರಿದಾಗ ಬಂಡೆಗಳ ನಡುವೆ ಸಣ್ಣ ಸಣ್ಣ ಹೊಂಡಗಳಲ್ಲಿ ನೀರು ಉಳಿಯುತ್ತದೆ. ಒಂದೊಂದು ಹೊಂಡವೂ ಒಂದೊಂದು ಸಂತೆ. ಮೇಷ್ಟ್ರು ಪ್ಯಾಂಟನ್ನು ಮಂಡಿಯವರೆಗೆ ಮಡಚಿ, ಹವಾಯಿ ಚಪ್ಪಲಿ ಹಾಕಿಕೊಂಡು ಆ ಹೊಂಡಗಳ ನಡುವೆ ಓಡಾಡಿದ್ದನ್ನು ನೋಡಬೇಕಿತ್ತು. ಕಾಲೇಜಿನ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುವ ಮನುಷ್ಯ ಅಲ್ಲಿ ಬಂಡೆಯಿಂದ ಬಂಡೆಗೆ ಹಾರುತ್ತಿದ್ದರು.

ನಾನೊಂದು ಕಲ್ಲು ಮಗುಚಿದೆ. ಅದರ ಅಡಿಯಲ್ಲಿ ಕಡಲೆಕಾಳಿಗಿಂತ ಸ್ವಲ್ಪ ಉದ್ದವಾದ ಏನೋ ಒಂದು ಅಂಟಿಕೊಂಡಿತ್ತು. ಹಾಲಿನ ಬಿಳುಪು. ತಲೆಯ ಮೇಲೆ ಎರಡು ಪುಟ್ಟ ಕೊಂಬು. ಬೆನ್ನ ಹಿಂಭಾಗದಲ್ಲಿ ಮಲ್ಲಿಗೆ ಮೊಗ್ಗು ಬಿರಿದ ಹಾಗೆ ಕಿವಿರು. ಬೆನ್ನ ಎರಡೂ ಕಡೆ ನೇರಳೆ ಚುಕ್ಕಿಗಳು. ಗೆಳತಿ ಬಗ್ಗಿ ನೋಡಿ, "ಥೂ, ಸಿಂಬಳದ ಹುಳ ಕಣೇ" ಅಂದಳು. ಅವಳು ಹೇಳಿದ್ದು ತಪ್ಪೇನಲ್ಲ. ಮಳೆಗಾಲದಲ್ಲಿ ನಮ್ಮ ತೋಟದ ಪಾತಿಗಳಲ್ಲಿ ಹರಿದಾಡುವ ಚಿಪ್ಪಿಲ್ಲದ ಹುಳದ ಕಡಲ ನೆಂಟ ಅದು. ಸೀ ಸ್ಲಗ್ ಅನ್ನುತ್ತಾರೆ.

ಮೇಷ್ಟ್ರು ಬಂದವರೇ ಮಂಡಿಯೂರಿದರು. ಮೂಗು ಕಲ್ಲಿಗೆ ತಾಗುವಷ್ಟು ಬಗ್ಗಿ ನೋಡಿದರು.

"ಯಾರು ಕಂಡಿದ್ದು?"

"ನಾನು ಸಾರ್."

"ಇಷ್ಟು ವರ್ಷದಿಂದ ಬತ್ತಾ ಇದ್ದೀನಿ, ಇದು ನನಗೆ ಕಂಡಿರಲಿಲ್ಲ" ಎಂದು ಅವರು ಮೆಲ್ಲಗೆ ಹೇಳಿದರು.

ಅದನ್ನು ಊಟದ ಡಬ್ಬಿಯ ಮುಚ್ಚಳದಲ್ಲಿ ಸಮುದ್ರದ ನೀರಿನೊಡನೆ ಇಟ್ಟೆವು. ಫೋಟೋ ತೆಗೆಯೋಣವೆಂದರೆ ಡಿಪಾರ್ಟ್‌ಮೆಂಟಿನ ಕ್ಯಾಮೆರಾದ ರೀಲು ಹಿಂದಿನ ಸಂಜೆಯೇ ಮುಗಿದಿತ್ತು. ನಮ್ಮ ಹುಡುಗರು ಅಲೆಗಳ ಮುಂದೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಿಂತು ಮೂವತ್ತಾರು ಫೋಟೋಗಳನ್ನೂ ಖಾಲಿ ಮಾಡಿದ್ದರು. ಸ್ಪಿರಿಟ್ಟಿಗೆ ಹಾಕಿದ ಮೇಲೆ ಈ ಪ್ರಾಣಿಗಳ ಬಣ್ಣ ಉಳಿಯುವುದಿಲ್ಲ, ಒಂದೆರಡು ವಾರದಲ್ಲಿ ಬೆಳ್ಳಗಾಗಿಬಿಡುತ್ತವೆ. ಬಣ್ಣವಿಲ್ಲದೆ ಇವುಗಳ ಹೆಸರು ಪತ್ತೆ ಮಾಡುವುದು ಬಲು ಕಷ್ಟ. "ನಿನ್ನ ಕೈ ಚೆನ್ನಾಗೈತೆ. ಜೀವ ಇರೋವಾಗಲೇ ಬರ್ಕೊ" ಎಂದು ಮೇಷ್ಟ್ರು ಕೆಲಸವನ್ನು ನನಗೆ ಒಪ್ಪಿಸಿದರು. ಅಷ್ಟರಲ್ಲಿ ನೀರು ಏರತೊಡಗಿತ್ತು. ದೂರದ ಬಂಡೆಯ ಮೇಲೆ ಕುಣಿಯುತ್ತಿದ್ದ ಹುಡುಗರನ್ನು ಕರೆತರಲು ಅವರು ಕೂಗಿಕೊಂಡು ಓಡಿದರು.

ನಾನು ರಫ್ ನೋಟ್‌ಬುಕ್ಕಿನಲ್ಲಿ ಬರೆದೆ. ಇದ್ದದ್ದನ್ನು ಇದ್ದ ಹಾಗೇ ಬರೆದೆ. ಎಡಕ್ಕೆ ಐದು ಚುಕ್ಕಿ, ಬಲಕ್ಕೆ ಮೂರು. ಬಲಗಡೆಯ ಮೂರನೆಯದು ಒಡೆದು ಹರಡಿಕೊಂಡಿತ್ತು, ಒದ್ದೆ ಕೈಯಲ್ಲಿ ರಂಗೋಲಿ ಹಿಡಿದಾಗ ಆಗುವ ಹಾಗೆ.

ಲಾಡ್ಜಿಗೆ ಬಂದು ಬಿಳಿ ಹಾಳೆಯ ಮೇಲೆ ಬಣ್ಣದ ಪೆನ್ಸಿಲಿನಿಂದ ಅದನ್ನು ನೀಟಾಗಿ ಇಳಿಸಲು ಕೂತೆ. ಕೊಂಬು ಬಂತು, ಕಿವಿರು ಬಂತು, ಎಡಗಡೆಯ ಐದು ಚುಕ್ಕಿ ಬಂದವು. ಬಲಗಡೆಗೆ ಬಂದಾಗ ಕೈ ನಿಂತಿತು. ಒಂದು ಕಡೆ ಐದು, ಇನ್ನೊಂದು ಕಡೆ ಮೂರು, ಅದರಲ್ಲೂ ಒಂದು ಕೆಟ್ಟದ್ದು. ಮೇಷ್ಟ್ರು ನೋಡಿದರೆ ನಾನು ಅವಸರದಲ್ಲಿ ಬರೆದೆ ಅಂದುಕೊಳ್ಳುತ್ತಾರೆ ಅನ್ನಿಸಿತು. ಹುಳ ಮೈ ಮುದುಡಿಕೊಂಡಿದ್ದರಿಂದ ಎರಡು ಚುಕ್ಕಿ ಮಡಿಕೆಯಲ್ಲಿ ಮರೆಯಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಎಡಗಡೆಯ ಒಂದೊಂದಕ್ಕೂ ಎದುರಾಗಿ ಬಲಗಡೆ ಒಂದೊಂದು ಇಟ್ಟೆ. ಐದು ಐದು. ಚಿತ್ರ ಎಷ್ಟು ಚೆಂದ ಬಂತೆಂದರೆ ಬಸ್ಸಿನಲ್ಲಿ ಎಲ್ಲರೂ ಕೈಯಿಂದ ಕೈಗೆ ಕೊಟ್ಟು ನೋಡಿದರು. ಅಷ್ಟು ಹೊತ್ತಿಗೆ ಹುಳ ಸ್ಪಿರಿಟ್ ಸೀಸೆಯೊಳಗೆ ಮುದುಡಿ ಕೂತಿತ್ತು. ಚುಕ್ಕಿಗಳು ಕಾಣುತ್ತಿರಲಿಲ್ಲ.

ತಿಪಟೂರಿಗೆ ಬಂದ ಮೇಲೆ ಮೇಷ್ಟ್ರು ಹೆಸರಿನ ಬೆನ್ನು ಹತ್ತಿದರು. ಅವರ ಬಳಿ ಬೈಂಡು ಕಿತ್ತುಹೋದ ಒಂದು ದಪ್ಪ ಪುಸ್ತಕವಿತ್ತು, ಸಂಶೋಧನೆಯ ದಿನಗಳದ್ದು. ದಿನಾ ಸಂಜೆ ಬಸ್ಸಿನ ಹೊತ್ತಿನವರೆಗೆ ಲ್ಯಾಬಿನಲ್ಲಿ ಕೂತು ನನ್ನ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಪುಟ ಪುಟ ತಾಳೆ ನೋಡುತ್ತಿದ್ದರು. ಕೊಂಬು ಹೊಂದಿದರೆ ಕಿವಿರು ಹೊಂದುವುದಿಲ್ಲ. ಎರಡೂ ಹೊಂದಿದರೆ ಚುಕ್ಕಿ ಹೊಂದುವುದಿಲ್ಲ. ಒಂದು ತಿಂಗಳಾಯಿತು, ಎರಡು ತಿಂಗಳಾಯಿತು. "ಇನ್ನೂ ಸಿಗಲಿಲ್ವಾ ಸಾರ್?" ಎಂದು ಕೇಳಿದರೆ, "ಕಾಯಿ ಅಟ್ಟದ ಮೇಲೆ ವರ್ಷ ಕೂತ್ರೇ ಕೊಬ್ಬರಿ ಆಗೋದು. ಮೊದ್ಲೇ ಒಡೆದ್ರೆ ಆ ಕಡೆ ಮಂಡಿಗೂ ಇಲ್ಲ, ಈ ಕಡೆ ಚಟ್ನಿಗೂ ಇಲ್ಲ" ಅನ್ನುತ್ತಿದ್ದರು. ಕೊನೆಗೆ ಇಂಥ ಪ್ರಾಣಿಗಳನ್ನೇ ಬದುಕೆಲ್ಲ ಓದಿದ್ದ, ದೂರದ ಊರಿನ ತಜ್ಞರೊಬ್ಬರಿಗೆ ಕಾಗದ ಬರೆದು ನನ್ನ ಚಿತ್ರವನ್ನು ಜೊತೆಗಿಟ್ಟು ಕಳಿಸಿದರು.

ಮಾರ್ಚಿನಲ್ಲಿ ಉತ್ತರ ಬಂತು. ಮೇಷ್ಟ್ರು ಅದನ್ನು ಲ್ಯಾಬಿನಲ್ಲಿ ನಮಗೆಲ್ಲ ಓದಿ ಹೇಳಿದರು. ಈ ತೀರದಲ್ಲಿ ಕಂಡಿರುವ ಈ ಬಗೆಯ ಸ್ಲಗ್‌ಗಳಲ್ಲಿ ಚುಕ್ಕಿಗಳು ಅಂಕುಡೊಂಕಾಗಿರುತ್ತವೆ, ಹೀಗೆ ಎರಡು ಸಮನಾದ ಸಾಲಿನಲ್ಲಿ ಐದೈದು ಇರುವುದನ್ನು ನಾನು ಕಂಡಿಲ್ಲ, ಇದು ಈವರೆಗೆ ಯಾರೂ ಹೆಸರಿಡದ ಪ್ರಭೇದವಾಗಿದ್ದರೂ ಆಗಿರಬಹುದು, ರಜೆಯಲ್ಲಿ ಸೀಸೆ ಸಮೇತ ನೀವೇ ಬನ್ನಿ, ಕೂತು ನೋಡೋಣ ಎಂದು ಅವರು ಬರೆದಿದ್ದರು. ಮೇಷ್ಟ್ರು ಕಾಗದವನ್ನು ಮಡಚಿ ಜೇಬಿನಲ್ಲಿಟ್ಟು, ಮತ್ತೆ ತೆಗೆದು ಇನ್ನೊಂದು ಸಲ ಓದಿದರು.

ಸಮನಾದ ಸಾಲು ಆ ಹುಳದ್ದಲ್ಲ, ನಮ್ಮಮ್ಮನದು.

ಆಮೇಲಿನ ಒಂಬತ್ತು ದಿನಗಳನ್ನು ನಾನು ಮರೆಯುವ ಹಾಗಿಲ್ಲ. ಸುದ್ದಿ ಬೆಂಕಿಯ ಹಾಗೆ ಹಬ್ಬಿತು. ಪ್ರಿನ್ಸಿಪಾಲರು ಕಾಲೇಜು ವಾರ್ಷಿಕೋತ್ಸವದಲ್ಲಿ ಇದನ್ನು ಹೇಳಿಸುತ್ತೇನೆ ಅಂದರು. ನಮ್ಮ ಲ್ಯಾಬಿನ ಅಟೆಂಡರಣ್ಣ ಕೊಬ್ಬರಿ ಮಂಡಿಯವರೆಗೂ ಹೋಗಿ, "ನಮ್ ಮೇಷ್ಟ್ರು ಒಂದು ಹುಳ ಹಿಡ್ದವ್ರೆ, ಪ್ರಪಂಚದಾಗೆ ಯಾರೂ ನೋಡಿಲ್ವಂತೆ" ಎಂದು ಸಾರಿ ಬಂದ. ಅಲ್ಲಿಯ ವರ್ತಕರೊಬ್ಬರು "ನಮ್ಮ ಗೋಡೌನಾಗೂ ಅಂಥವು ಬೇಕಾದಷ್ಟವೆ, ಮೂಟೆ ಕಟ್ಟಿ ಕಳಿಸ್ಲಾ?" ಅಂದರಂತೆ. ಅದನ್ನು ಕೇಳಿ ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹೆಸರಿಡುವ ಹಾಗಾದರೆ ತಿಪಟೂರಿನ ಹೆಸರನ್ನೇ ಇಡಬೇಕು ಅನ್ನುವುದು ಅವರ ಆಸೆ. "ಸಮುದ್ರ ಇಲ್ಲದ ಊರಿಗೆ ಒಂದು ಸಮುದ್ರದ ಹುಳ ಇರ್ಲಿ ಬುಡ್ರಪ್ಪ" ಎಂದು ಹೇಳಿಕೊಂಡು ಓಡಾಡಿದರು. ನಿವೃತ್ತಿಗೆ ನಾಲ್ಕೈದು ವರ್ಷ ಉಳಿದಿದ್ದ, ಹುಳದ ಮೇಷ್ಟ್ರು ಎಂದು ಆಡಿಸಿಕೊಂಡು ಬಂದ ಮನುಷ್ಯ ಹೊಸದಾಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರತೊಡಗಿದರು. ಅರ್ಧಕ್ಕೆ ಬಿಟ್ಟು ಬಂದದ್ದು ಈಗ ತಾನಾಗಿ ಹುಡುಕಿಕೊಂಡು ಬಂದಿದೆ ಎಂದು ಅವರಿಗೆ ಅನ್ನಿಸಿತ್ತು. ಆ ಅಂಗಿ ಕಂಡಾಗಲೆಲ್ಲ ನಾನು ಕಾರಿಡಾರಿನ ಇನ್ನೊಂದು ತುದಿಗೆ ಹೋಗಿಬಿಡುತ್ತಿದ್ದೆ.

ಹೇಳದೆ ಇದ್ದುಬಿಡಲೇ ಅಂತಲೂ ಯೋಚಿಸಿದೆ. ಸೀಸೆಯ ಹುಳ ಬೆಂದ ಅನ್ನದ ಅಗುಳಿನ ಹಾಗೆ ಬಿಳಿಚಿಕೊಂಡಿತ್ತು. ಅದರಲ್ಲಿ ಐದು ಯಾವುದು ಮೂರು ಯಾವುದು ಎಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ನಾನು ಸುಮ್ಮನಿದ್ದರೆ ಮೇಷ್ಟ್ರಿಗೆ ಸಂತೋಷ, ಕಾಲೇಜಿಗೆ ಹೆಸರು. ಆದರೆ ಅವರು ಆ ತಜ್ಞರ ಮುಂದೆ ಹೋಗಿ ಕೂತು, ನನ್ನ ಸುಳ್ಳನ್ನು ತಮ್ಮ ಮಾತೆಂದು ಹೇಳುವುದನ್ನು ನೆನೆದರೆ ಸುಮ್ಮನಿರಲಾಗುತ್ತಿರಲಿಲ್ಲ.

ಕೊನೆಗೆ ಅಮ್ಮನಿಗೆ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು.

"ಐದೈದು ಇಟ್ಟೆ ತಾನೆ? ಚೆನ್ನಾಗೇ ಐತಲ್ಲ. ಅದ್ಕ್ಯಾಕೆ ಮಖ ಸಪ್ಪಗೆ ಮಾಡ್ಕಂಡಿದ್ದೀಯ?"

"ಅಲ್ಲಿ ಇದ್ದಿದ್ದು ಮೂರೇ ಕಣಮ್ಮ."

"ದೇವ್ರು ಎರಡು ಚುಕ್ಕಿ ಮರ್ತಿದ್ದ, ನೀನು ಇಟ್ಟೆ. ಬುಡು ಅತ್ಲಾಗೆ."

ಅವಳೊಡನೆ ವಾದ ಮಾಡಿ ಉಪಯೋಗವಿರಲಿಲ್ಲ. ಭಾನುವಾರ ರಫ್ ನೋಟ್‌ಬುಕ್ ಹಿಡಿದುಕೊಂಡು ತುರುವೇಕೆರೆ ಬಸ್ಸು ಹತ್ತಿದೆ.

ಮೇಷ್ಟ್ರ ಮನೆಯಲ್ಲಿ ಅಂದು ಅಟ್ಟದಿಂದ ಕಾಯಿ ಇಳಿಸುತ್ತಿದ್ದರು. ವರ್ಷದ ಹಿಂದೆ ಏರಿಸಿದ ಕಾಯಿ. ಆಳುಗಳು ಮೇಲಿಂದ ಕೊಟ್ಟದ್ದನ್ನು ಮೇಷ್ಟ್ರು ಜಗಲಿಯ ಮೇಲೆ ಕೂತು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಉಂಡೆ ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಅಂದರೆ ಒಂದು ಗುಡ್ಡೆಗೆ, ಇನ್ನೂ ಅಂಟಿಕೊಂಡಿದ್ದರೆ ಇನ್ನೊಂದು ಗುಡ್ಡೆಗೆ. ಬನಿಯನ್ನು, ಪಂಚೆ, ಮೈಯೆಲ್ಲ ದೂಳು. ನನ್ನನ್ನು ಕಂಡು, "ಏನಮ್ಮಾ ಇಷ್ಟು ದೂರ? ಬಾ, ಒಂದು ಎಳನೀರು ಕುಡಿ ಮೊದ್ಲು" ಅಂದರು. ಒಳಗಿನಿಂದ ಅವರ ಮನೆಯವರು ಬಂದು, "ಹುಳ ಕಂಡ ಹುಡುಗಿ ಇವಳೇನಾ?" ಎಂದು ನನ್ನ ಗಲ್ಲ ಹಿಡಿದು ನೋಡಿದರು. ಅಷ್ಟು ಸಾಕಾಯಿತು, ನಾನು ಅಲ್ಲೇ ನಿಂತು ಅಳಲು ಶುರುಮಾಡಿದೆ.

ಅಳುತ್ತಲೇ ಹೇಳಿದೆ. ರಂಗೋಲಿ, ಲಾಡ್ಜು, ಎರಡು ಚುಕ್ಕಿ, ಎಲ್ಲ. ನೋಟ್‌ಬುಕ್ ಬಿಡಿಸಿ ತೋರಿಸಿದೆ.

ಮೇಷ್ಟ್ರು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟರು. ಯಾವ ಗುಡ್ಡೆಗೂ ಹಾಕಲಿಲ್ಲ.

"ಎಡಕ್ಕೆ ಐದು, ಬಲಕ್ಕೆ ಮೂರು. ಖಂಡಿತಾನಾ?"

"ಖಂಡಿತ ಸಾರ್."

"ಬಲಗಡೆ ಕೊನೇದು ಒಡೆದಿತ್ತಾ, ನಿನ್ನ ಪೆನ್ಸಿಲ್ ಜಾರಿತಾ?"

"ಒಡೆದೇ ಇತ್ತು ಸಾರ್. ನೋಡಿ ಬರೆದೆ."

ಅವರು ಎದ್ದು ಒಳಗೆ ಹೋಗಿ ಆ ದಪ್ಪ ಪುಸ್ತಕ ತಂದರು. ಹುಡುಕುವ ಕಷ್ಟವೇ ಇರಲಿಲ್ಲ, ಆ ಪುಸ್ತಕದ ಪುಟಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದವು. ನೇರವಾಗಿ ಒಂದು ಪುಟ ತೆಗೆದು, ನನ್ನ ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟು, ಸಾಲು ಸಾಲಿನ ಮೇಲೆ ಬೆರಳಿಟ್ಟು ಓದಿದರು. ಬಿಳಿ ಮೈ. ಚುಕ್ಕಿಗಳು ಎಡಬಲ ಸಮವಿರುವುದಿಲ್ಲ. ಕೆಲವು ಒಡೆದು ಕೂಡಿಕೊಂಡಿರುತ್ತವೆ. ಕೊಂಬು ಹೊಂದಿತು, ಕಿವಿರು ಹೊಂದಿತು. ನೂರು ವರ್ಷದ ಹಿಂದೆಯೇ ಯಾರೋ ಹೆಸರಿಟ್ಟು ಹೋಗಿದ್ದ, ಆ ತೀರದಲ್ಲಿ ಅಷ್ಟೇನೂ ಅಪರೂಪವಲ್ಲದ ಒಂದು ಸಣ್ಣ ಸ್ಲಗ್ ಅದು.

"ಸಿಕ್ತು ಕಣಮ್ಮ" ಅಂದರು ಮೇಷ್ಟ್ರು. "ಹೆಸರು ಸಿಕ್ತು."

ಅವರ ಮುಖದಲ್ಲಿ ಆ ಗಳಿಗೆ ನಿಜವಾದ ಸಂತೋಷ ಕಂಡದ್ದನ್ನು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಮೂರು ತಿಂಗಳಿಂದ ಹುಡುಕುತ್ತಿದ್ದದ್ದು ಸಿಕ್ಕಿತ್ತು. ಮರುಗಳಿಗೆಗೆ, ಸಿಕ್ಕಿದ್ದರಿಂದ ಹೋದದ್ದು ಏನು ಎನ್ನುವುದು ಅವರಿಗೆ ತಟ್ಟಿತು. ಕನ್ನಡಕ ತೆಗೆದು ಬನಿಯನ್ನಿನ ಅಂಚಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು. ಅವರ ಮನೆಯವರು ಬಾಗಿಲ ಹತ್ತಿರ ನಿಂತಿದ್ದವರು ಒಳಗೆ ಹೋದರು.

"ನನ್ನ ಕಣ್ಣಿಗೂ ಆವತ್ತು ಚುಕ್ಕಿ ಸ್ವಲ್ಪ ಸೊಟ್ಟ ಅನ್ನಿಸಿತ್ತು" ಎಂದು ಕೊನೆಗೆ ಹೇಳಿದರು. "ನಿನ್ನ ಚಿತ್ರ ನೋಡಿದ್ಮೇಲೆ, ಹುಡುಗಿ ಅಷ್ಟು ಹೊತ್ತು ಕೂತು ಬರ್ದವಳೆ, ನಾನೇ ಸರಿಯಾಗಿ ನೋಡಿಲ್ಲ ಅಂದ್ಕೊಂಡೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತು ಈಗಲೂ ತಡೆಯುವುದಿಲ್ಲ. ಯಾವ ಮನುಷ್ಯ ಇದ್ದದ್ದನ್ನು ಬರೆಯಬೇಕೆಂದು ನಮಗೆ ಹೇಳಿ ಹೇಳಿ ಸುಸ್ತಾಗಿದ್ದರೋ, ಅವರು ನನ್ನನ್ನು ನಂಬಿ ತಾವು ಕಂಡದ್ದನ್ನೇ ಬಿಟ್ಟುಕೊಟ್ಟಿದ್ದರು.

ತಜ್ಞರಿಗೆ ನಾನೇ ಕಾಗದ ಬರೆಯುತ್ತೇನೆ ಅಂದೆ. ಅವರು ಒಪ್ಪಲಿಲ್ಲ. "ಹುಳದ ಜೊತೆ ತಾಳೆ ನೋಡದೆ ಚಿತ್ರ ಕಳಿಸ್ದೋನು ನಾನು. ನೀನಿನ್ನೂ ಕಲಿಯೋಳು" ಅಂದರು. ಮರುದಿನವೇ ಕಾಗದ ಹೋಯಿತು. ಚಿತ್ರದಲ್ಲಿ ತಪ್ಪಾಗಿದೆ, ಪರೀಕ್ಷಿಸದೆ ಕಳಿಸಿದ್ದು ನನ್ನ ತಪ್ಪು, ಕ್ಷಮಿಸಬೇಕು ಎಂದು ಮೂರೇ ಸಾಲು. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಬೇಕೆಂದೇ, "ಏನ್ ಮೇಷ್ಟ್ರೇ, ತಿಪಟೂರಿನ ಹುಳ ಎಲ್ಲಿಗೆ ಬಂತು?" ಎಂದು ಕೇಳಿದರಂತೆ. ಮೇಷ್ಟ್ರು, "ಅದರ ಮನೆಗೆ ಹೋಯ್ತು ಕಣ್ರೀ. ಯಾರದೋ ಮನೆ ಹುಳ, ನಮ್ಮದು ಅಂದ್ಕೊಂಡಿದ್ವಿ" ಎಂದು ಡಬ್ಬಿ ಬಿಚ್ಚಿ ಊಟಕ್ಕೆ ಕೂತರಂತೆ. ಇದನ್ನು ನನಗೆ ಹೇಳಿದ್ದು ಅಟೆಂಡರಣ್ಣ. ತಪ್ಪು ಯಾರದು ಎನ್ನುವುದು ಅವನಿಗೂ ಗೊತ್ತಾಗಲಿಲ್ಲ, ಕಾಲೇಜಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ವಾರ್ಷಿಕೋತ್ಸವದಲ್ಲಿ ಹುಳದ ಮಾತೇ ಬರಲಿಲ್ಲ. ಮೇಷ್ಟ್ರು ಹಿಂದಿನ ಸಾಲಿನಲ್ಲಿ ಹಳೆಯ ಅಂಗಿಯಲ್ಲಿ ಕೂತು ಹುಡುಗರ ನಾಟಕಕ್ಕೆ ಚಪ್ಪಾಳೆ ತಟ್ಟಿದರು.

ನನ್ನನ್ನು ಅವರು ಶಿಕ್ಷಿಸಲೇ ಇಲ್ಲವೆಂದರೆ ಸುಳ್ಳಾಗುತ್ತದೆ. ಆ ವರ್ಷವೆಲ್ಲ ನನಗೆ ತಟ್ಟೆಯಲ್ಲಿ ಕುಂಟ, ಕುರುಡ, ಬಾಲ ಮುರಿದ ಪ್ರಾಣಿಗಳೇ ಬರುತ್ತಿದ್ದವು. ಒಂದು ರೆಕ್ಕೆ ಚಿಕ್ಕದಾದ ಮಿಡತೆ, ಒಂದು ಕೊಂಡಿ ಸಣ್ಣದಾದ ಏಡಿ. ಎಲ್ಲಿಂದ ಹುಡುಕಿ ತರುತ್ತಿದ್ದರೋ. ನಾನು ಬರೆದದ್ದನ್ನು ಅವರು ಎಣಿಸಿ, ತಟ್ಟೆಯಲ್ಲಿದ್ದದ್ದನ್ನು ಎಣಿಸಿ, ಆಮೇಲೆ ಸಹಿ ಹಾಕುತ್ತಿದ್ದರು. ಮೊದಲು ನನ್ನ ಪುಸ್ತಕಕ್ಕೆ ನೋಡದೆ ಸಹಿ ಹಾಕುತ್ತಿದ್ದವರು. ಆ ಎಣಿಕೆ ನನಗೆ ಸಲ್ಲಬೇಕಾದ್ದೇ ಆಗಿತ್ತು, ಆದರೂ ಪ್ರತಿ ಸಲ ಮನಸ್ಸಿಗೆ ಮುಳ್ಳು ಚುಚ್ಚಿದ ಹಾಗಾಗುತ್ತಿತ್ತು. ಡಿಗ್ರಿ ಮುಗಿಯುವವರೆಗೂ ಅವರು ಎಣಿಸುವುದನ್ನು ಬಿಡಲಿಲ್ಲ.

ಓದು ಮುಗಿಸಿ, ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮಾಡಿ, ನಾನು ತುರುವೇಕೆರೆಯಲ್ಲೇ ರಕ್ತಪರೀಕ್ಷೆಯ ಕೆಲಸಕ್ಕೆ ಸೇರಿದೆ. ದಿನವೆಲ್ಲ ಮೈಕ್ರೋಸ್ಕೋಪಿಗೆ ಕಣ್ಣು ಅಂಟಿಸಿ ಕಣ ಎಣಿಸುವ ಕೆಲಸ. ಬಾಗಿಲಲ್ಲಿ ಜನ ನಿಂತಿರುತ್ತಾರೆ, ಎಲ್ಲ ಸರಿಯಾಗಿದೆ ಅನ್ನು ತಾಯಿ ಎಂದು ಕಣ್ಣಲ್ಲೇ ಬೇಡುತ್ತಾರೆ. ಎರಡು ಹೆಚ್ಚು ಬರೆಯಲು ಕೈಗೆ ಎಷ್ಟು ಹೊತ್ತು ಬೇಕು. ಬರೆದಿಲ್ಲ. ಮುಖ ಗಂಟಿಕ್ಕಿಕೊಂಡು, ಇದ್ದದ್ದನ್ನು ಬರೆದುಕೊಟ್ಟಿದ್ದೇನೆ. ಈ ಹುಡುಗಿಗೆ ಕರುಣೆ ಇಲ್ಲ ಎಂದು ಬೈಸಿಕೊಂಡಿದ್ದೇನೆ.

ಮೇಷ್ಟ್ರು ನಿವೃತ್ತರಾದ ಮೇಲೆ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿಯಿತು. ಮೊದಲು ಅಕ್ಷರ ಹೋಯಿತು, ಆಮೇಲೆ ಮುಖಗಳು. ಎರಡು ಸಾವಿರದ ಆರೋ ಏಳೋ ಇರಬೇಕು, ಅವರ ಮನೆಯವರು ಲ್ಯಾಬಿಗೆ ಫೋನು ಮಾಡಿಸಿ, ನಿನ್ನನ್ನ ಒಂದು ಸಲ ಬರಹೇಳ್ತಾವ್ರೆ ಅಂದರು. ಅದಾಗಿ ಇಪ್ಪತ್ತು ದಿನಕ್ಕೆ ಮೇಷ್ಟ್ರು ಹೋದರು. ಮಣ್ಣಿಗೆ ಹೋದಾಗ ಹಳೆಯ ವಿದ್ಯಾರ್ಥಿಗಳು ತುಂಬ ಜನ ಬಂದಿದ್ದರು. ಯಾರು ಯಾರೋ ಏನೇನೋ ಒಳ್ಳೆಯ ಮಾತಾಡಿದರು. ಆದರೆ ನಾನು ಹೇಳಬೇಕಾದದ್ದು ಆ ಇಪ್ಪತ್ತು ದಿನಗಳ ಹಿಂದಿನ ಭೇಟಿಯ ವಿಷಯ.

ಅವರು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮುಂದಿನ ಮೇಜಿನ ಮೇಲೆ ಒಂದು ಪುಟ್ಟ ಸೀಸೆ. ಸಂಶೋಧನೆಗೆ ಹೋದ ಕಾಲದಲ್ಲಿ, ತಂದೆ ತೀರಿಕೊಂಡ ತಂತಿ ಬಂದ ವಾರ, ಅವರು ಹಿಡಿದಿದ್ದ ಸ್ಲಗ್ ಅಂತೆ. ಅವಸರದಲ್ಲಿ ಚಿತ್ರ ಬರೆದಿರಲಿಲ್ಲ, ಗುರುತು ಬರೆದಿರಲಿಲ್ಲ. ಮೂವತ್ತೈದು ವರ್ಷ ಪೆಟ್ಟಿಗೆಯಲ್ಲಿಟ್ಟು, ಹೊತ್ತು ಬಂದಾಗ ನೋಡೋಣ ಎಂದು ಮುಂದೂಡುತ್ತಾ ಬಂದಿದ್ದರು. ಈಗ ಹೊತ್ತು ಇತ್ತು, ಕಣ್ಣಿರಲಿಲ್ಲ. "ನೋಡಿ ಹೇಳು" ಅಂದರು.

ನಾನು ಸೀಸೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹೋದೆ. ಅವರ ಮನೆಯವರು ನನ್ನ ಹಿಂದೆಯೇ ಬಂದು ಕಿವಿಯ ಹತ್ತಿರ, "ಹೋದ ವಾರ ಇಬ್ರು ಹುಡುಗರು ಬಂದಿದ್ರು. ಒಬ್ಬ ಒಂದು ಹೆಸರು ಹೇಳ್ದ, ಇನ್ನೊಬ್ಬ ಇನ್ನೊಂದು ಹೇಳ್ದ. ಇವ್ರಿಗೆ ಒಪ್ಪಿಗೆ ಆಗ್ಲಿಲ್ಲ. ನೀನಾದ್ರೂ ಒಪ್ಪೋ ಹಂಗೆ ಒಂದು ಹೆಸರು ಹೇಳ್ಬುಡವ್ವ. ನೆಮ್ಮದಿಯಾಗಿ ಇರ್ಲಿ" ಎಂದು ಬೇಡಿಕೊಂಡರು. ಅವರ ಕಣ್ಣು ತುಂಬಿತ್ತು.

ಭೂತಗನ್ನಡಿ ಹಿಡಿದು ನೋಡಿದೆ. ಬಹಳ ಹೊತ್ತು ನೋಡಿದೆ. ಹೆಸರು ಹೇಳುವುದೇನು ಕಷ್ಟವಿರಲಿಲ್ಲ. ಆ ಪುಸ್ತಕದ ಅರ್ಧ ಹೆಸರುಗಳು ನನಗೂ ಬಾಯಿಗೆ ಬರುತ್ತಿದ್ದವು. ಒಂದು ಹೇಳಿದ್ದರೆ ಆ ಮನೆಯಲ್ಲಿ ಆ ಮಧ್ಯಾಹ್ನ ಎಲ್ಲರೂ ಸುಖವಾಗಿ ಊಟ ಮಾಡುತ್ತಿದ್ದರು.

"ಏನ್ ಕಾಣುತ್ತೆ?" ಮೇಷ್ಟ್ರು ಕೇಳಿದರು.

"ಕೊಂಬು ಒಂದು ಐತೆ ಸಾರ್. ಇನ್ನೊಂದು ಮುರಿದು ಹೋಗೈತೆ. ಕಿವಿರು ಕರಗಿದೆ."

"ಚುಕ್ಕಿ?"

"ಇದ್ವೋ ಇಲ್ವೋ ಹೇಳೋಕಾಗಲ್ಲ ಸಾರ್."

"ಹೆಸರು?"

ಅವರ ಮನೆಯವರು ನನ್ನ ತೋಳು ಹಿಡಿದುಕೊಂಡಿದ್ದರು. ಆ ಹಿಡಿತ ಇನ್ನೂ ನನ್ನ ತೋಳಿನಲ್ಲಿದೆ.

"ಗೊತ್ತಾಗಲ್ಲ ಸಾರ್. ಇನ್ಮೇಲೆ ಯಾರಿಗೂ ಗೊತ್ತಾಗಲ್ಲ."

ಮೇಷ್ಟ್ರು ಗೋಡೆಯಿಂದ ಬೆನ್ನು ತೆಗೆದು, ಮೇಜಿನ ಮೇಲೆ ತಡಕಾಡಿ ಪೆನ್ನು ಹುಡುಕಿ, ನಾನಿದ್ದ ದಿಕ್ಕಿಗೆ ಚಾಚಿದರು.

"ಹಂಗೇ ಚೀಟಿ ಬರೆದು ಅಂಟಿಸು. ನಾನು ಎಣಿಸಿ ನೋಡಲ್ಲ" ಅಂದರು. "ಅದಕ್ಕೇ ನಿನ್ನ ಕರೆಸಿದ್ದು ಕಣಮ್ಮ."